ಹಿಂಡಿ ನೀರು ಬೇಡದ ಗಿಡ

ಹಾಸ್ಟೆಲ್ಲಿನ ನನ್ನ ಕೋಣೆಯ ಕಿಟಕಿಯಲ್ಲಿ ಎರಡು ಕುಂಡಗಳಿವೆ. ಎರಡರಲ್ಲೂ ಇರುವುದು ಡ್ರಾಸೆರಾ ಬರ್ಮನೈ ಎಂಬ ಕೀಟಾಹಾರಿ ಗಿಡ. ಹೆಸರು ಕೇಳಿ ನೋಡಲು ಬರುವ ಗೆಳೆಯರು ಸಿನಿಮಾದಲ್ಲಿ ಕಂಡ ರಾಕ್ಷಸ ಬಾಯಿಯನ್ನು ಹುಡುಕುತ್ತಾರೆ. ಕಾಣುವುದು ಐದು ರೂಪಾಯಿ ನಾಣ್ಯದಷ್ಟಗಲ, ಮಣ್ಣಿಗೆ ಅಂಟಿಕೊಂಡ ಕೆಂಪು ಎಲೆಗಳ ಚಕ್ರ. ಎಲೆಯ ತುಂಬ ಕೂದಲಿನಂಥ ಎಳೆಗಳು, ಎಳೆಯ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟು. "ಇಷ್ಟೇನಾ?" ಎನ್ನುತ್ತಾರೆ.

ಸೊಳ್ಳೆಯೊಂದು ಬಂದು ಕೂತರೆ ಮಾತ್ರ ಮಾತು ನಿಲ್ಲುತ್ತದೆ. ಅಂಚಿನ ಎಳೆಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗುತ್ತವೆ. ಮುಂದಿನದೆಲ್ಲ ನಿಧಾನ. ಎಲೆ ಸುರಿಸುವ ಕಿಣ್ವಗಳು ಕೀಟವನ್ನು ಕರಗಿಸುತ್ತವೆ, ಕೆಲವು ದಿನಗಳ ನಂತರ ಒಣ ಚಿಪ್ಪು ಉಳಿಯುತ್ತದೆ. ಡಾರ್ವಿನ್ ಇದರ ಸೋದರ ಜಾತಿಯೊಂದಕ್ಕೆ ಮಾಂಸದ ಚೂರು, ಹಾಲು, ಕೂದಲ ತುಣುಕು ಕೊಟ್ಟು ನೋಡಿ, 1875ರಲ್ಲಿ ಕೀಟಾಹಾರಿ ಗಿಡಗಳ ಬಗ್ಗೆಯೇ ಪುಸ್ತಕ ಬರೆದ. ಕೂದಲ ತುಣುಕಿಗೂ ಬಾಗುವ ಎಳೆ ಮೇಲಿನಿಂದ ಬೀಳುವ ನೀರಹನಿಗೆ ಬಾಗುವುದಿಲ್ಲವೆಂದು ಅವನು ಕಂಡುಕೊಂಡಿದ್ದ. ಮಳೆಯಲ್ಲಿ ಬದುಕುವ ಗಿಡಕ್ಕೆ ಈ ಗುರುತು ಬೇಕೇ ಬೇಕು.

ಈ ಬೇಟೆಗೆ ಕಾರಣ ಬಡ ಮಣ್ಣು. ಬಿಸಿಲಿನಿಂದ ಸಕ್ಕರೆ ಸಿಗುತ್ತದೆ, ಆದರೆ ಸಾರಜನಕ, ರಂಜಕ ಸಿಗಬೇಕಾದ ನೆಲದಲ್ಲಿ ಅವು ಇಲ್ಲ. ಆ ಕೊರತೆಯನ್ನು ಕೀಟ ತುಂಬುತ್ತದೆ.

ಕಳೆದ ವರ್ಷ ಒಂದು ಕುಂಡವನ್ನು ಊರಲ್ಲಿ ಅಮ್ಮನ ಬಳಿ ಬಿಟ್ಟಿದ್ದೆ, ಮಳೆನೀರು ಬಿಟ್ಟು ಬೇರೇನೂ ಬೇಡ ಎಂದು ಹೇಳಿ. ಮಲ್ಲಿಗೆಗೆ ಕಡಲೆ ಹಿಂಡಿಯ ನೀರು ಹಾಕುವಾಗ ಅಮ್ಮನಿಗೆ ಇದೊಂದನ್ನೇ ಉಪವಾಸ ಕೆಡವಲು ಮನಸ್ಸಾಗಲಿಲ್ಲ. ಎರಡು ವಾರದಲ್ಲಿ ಗಿಡ ಕಪ್ಪಾಯಿತು. "ಹೊಟ್ಟೆಗೆ ಹಾಕಿದರೆ ಸಾಯುವ ಗಿಡ ಉಂಟಾ ಮಗಾ?" ಎಂದು ಫೋನಿನಲ್ಲಿ ಕೇಳಿದಳು. ಉಂಟು. ಗೊಬ್ಬರದ ಉಪ್ಪನ್ನು ಇದರ ಬೇರು ತಡೆಯುವುದಿಲ್ಲ.

ಆ ಗಿಡದ ಬೀಜ ಬಂದದ್ದು ನಮ್ಮ ಮನೆಯ ಮೇಲಿನ ಪದವಿನಿಂದ. ಮುರಕಲ್ಲಿನ ಮೇಲೆ ಬೆರಳು ದಪ್ಪದ ಮಣ್ಣು, ಮಳೆಗಾಲದುದ್ದಕ್ಕೂ ಒಸರುವ ನೀರು. ನನ್ನ ಪಿಎಚ್‌ಡಿ ಕರಾವಳಿಯ ಭೂದಾಖಲೆಗಳ ಮೇಲೆ. ಅವುಗಳಲ್ಲಿ ಇಂಥ ಜಾಗಕ್ಕೆ ಮತ್ತೆ ಮತ್ತೆ ಎದುರಾಗುವ ಹೆಸರು ಪರಂಬೋಕು: ತೀರ್ವೆ ಕಟ್ಟಬೇಕಿಲ್ಲದ ನೆಲ. ಬೆಳೆ ಬರೆಯುವ ಕಾಲಮ್ಮು ಖಾಲಿ. ಖಾಲಿ ಕಾಲಮ್ಮನ್ನು ಓದಿದವರಿಗೆ ನೆಲವೂ ಖಾಲಿಯಾಗಿಯೇ ಕಾಣುತ್ತದೆ. ಈಗ ಪದವಿನ ಒಂದು ಮಗ್ಗುಲಲ್ಲಿ ಹಸಿರು ಮಾಡಲೆಂದು ನೆಟ್ಟ ಅಕೇಶಿಯಾ, ಇನ್ನೊಂದು ಮಗ್ಗುಲಲ್ಲಿ ಕೆಂಪುಕಲ್ಲಿನ ಕೋರೆ. ನಮ್ಮ ಮನೆಯ ಗೋಡೆಯೂ ಅದೇ ಕಲ್ಲಿನದು, ಹಾಗಾಗಿ ಕೋರೆಯವರನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ಆದರೆ ನೆಲವನ್ನು ಉದ್ಧಾರ ಮಾಡುತ್ತೇವೆ ಎನ್ನುವವರ ಮಾತು ಕೇಳಿದಾಗೆಲ್ಲ ನನಗೆ ಹಿಂಡಿ ನೀರು ನೆನಪಾಗುತ್ತದೆ. ಅಮ್ಮನದು ಪ್ರೀತಿ, ಅವರದೂ ಒಳ್ಳೆಯ ಉದ್ದೇಶವೇ ಇರಬಹುದು. ಆ ಗಿಡಕ್ಕೆ ಬೇಕಾದದ್ದು ಬಡ ಮಣ್ಣು.

ಈ ಸಲ ಮಳೆ ಬಿಟ್ಟ ಮೇಲೆ ಅಮ್ಮ ತಾನೇ ಪದವು ಹತ್ತಿ, ಕಲ್ಲು ಕಡಿಯದೆ ಉಳಿದ ಭಾಗವನ್ನು ನೋಡಿ ಬಂದಳು. ಸಂಜೆ ಫೋನ್ ಮಾಡಿದಳು. "ಉಂಟು ಮಗಾ, ಹತ್ತಿರ ಹತ್ತಿರ ನೂರು ಇರಬಹುದು. ನಾನು ಏನೂ ಹಾಕಲಿಲ್ಲ."