ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಭಾನುವಾರದ ಬೆಳಗಿನಲ್ಲಿ ಜಯನಗರದ 5ನೆಯ ಬ್ಲಾಕಿನ ಶಾಲಿನಿ ಮೈದಾನವನ್ನು ಹೊಕ್ಕವರಿಗೆ ಮೊದಲು ಕಣ್ಣಿಗೆ ಬೀಳುವುದು ಕ್ರಿಕೆಟ್ ಆಟ. ಒಂದೇ ಬಯಲಿನಲ್ಲಿ ಹಲವು ಪಂದ್ಯಗಳು ನಡೆದಿರುತ್ತವೆ. ಒಂದು ತಂಡದ ಕ್ಷೇತ್ರರಕ್ಷಕ ಮತ್ತೊಂದು ತಂಡದ ವಿಕೆಟ್ಟಿನ ಮಗ್ಗುಲಲ್ಲಿಯೇ ನಿಂತಿರುತ್ತಾನೆ. ಯಾರ ಚೆಂಡು ಯಾರದೆಂಬುದು ನೋಡುವವರಿಗೆ ಬಿಡಿಸಲಾಗದ ಒಗಟಾದರೂ ಆಡುವವರಿಗೆ ಅದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ಈ ಗದ್ದಲದ ಅಂಚಿನಲ್ಲಿ, ಎರಡು ಜೊತೆ ಚಪ್ಪಲಿಗಳನ್ನೇ ಗೋಲುಕಂಬಗಳೆಂದು ಭಾವಿಸಿ, ಹತ್ತು ಹನ್ನೆರಡು ಹುಡುಗರು ಕಾಲ್ಚೆಂಡಾಟದಲ್ಲಿ ಮೈಮರೆತಿರುತ್ತಾರೆ. ಬ್ಯಾಟಿನಿಂದ ಸಿಡಿದ ಚೆಂಡು ತಲೆಯ ಮೇಲೆ ಹಾದುಹೋದಾಗ ಒಮ್ಮೆ ಬಗ್ಗಿ, ಮತ್ತೆ ಓಡುತ್ತಾರೆ. ದಕ್ಷಿಣ ಬೆಂಗಳೂರಿನಲ್ಲಿ ಕಾಲ್ಚೆಂಡಿಗೆ ಸಲ್ಲುವ ಸ್ಥಾನ ಬಹುಕಾಲದಿಂದ ಇಷ್ಟೇ: ಬಯಲಿನ ಅಂಚು.

ಇದಕ್ಕೆ ಕಾರಣವನ್ನು ಹುಡುಕಹೊರಟರೆ ನಗರದ ಇತಿಹಾಸದ ಪುಟಗಳನ್ನೇ ತಿರುವಬೇಕಾಗುತ್ತದೆ. ಬೆಂಗಳೂರು ಒಂದು ಕಾಲಕ್ಕೆ ಎರಡು ಊರು. ಪಶ್ಚಿಮ ದಕ್ಷಿಣಗಳಲ್ಲಿ ಮೈಸೂರು ಅರಸರ ಆಳ್ವಿಕೆಯ ಪೇಟೆ ಮತ್ತು ಅದರ ಬಡಾವಣೆಗಳು. ಪೂರ್ವದಲ್ಲಿ ಆಂಗ್ಲ ಸೈನ್ಯದ ದಂಡು. ಇವೆರಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದುದು 1949ರಲ್ಲಿ. ಕಾಲ್ಚೆಂಡಾಟವನ್ನು ಈ ನಾಡಿಗೆ ಹೊತ್ತುತಂದವರು ಸೈನಿಕರು. 1888ರಲ್ಲಿ ಸಿಮ್ಲಾದಲ್ಲಿ ಮೊದಲ ಡ್ಯೂರಾಂಡ್ ಕಪ್ ಪಂದ್ಯಾವಳಿ ನಡೆದಾಗ ಅಂತಿಮ ಪಂದ್ಯದಲ್ಲಿ ಎದುರಾದ ಎರಡೂ ತಂಡಗಳು ಸ್ಕಾಟ್ಲೆಂಡಿನ ಸೇನಾಪಡೆಗಳೇ ಆಗಿದ್ದುವು. ದಂಡಿನಲ್ಲಿ ಸೈನಿಕರು ಆಡಿದರು. ಸುತ್ತಮುತ್ತಲಿನ ಕೇರಿಗಳ ಹುಡುಗರು ನೋಡಿದರು. ನೋಡಿದವರು ಬರಿಗಾಲಿನಲ್ಲಿ ತಾವೂ ಆಡಿದರು. ಆಸ್ಟಿನ್ ಟೌನ್, ಗೌತಮಪುರ, ಹಲಸೂರುಗಳಲ್ಲಿ ಈ ಆಟ ಬೇರುಬಿಟ್ಟುದು ಹೀಗೆ. ಅತ್ತ ಬಸವನಗುಡಿ, ಚಾಮರಾಜಪೇಟೆಗಳ ಹುಡುಗರ ಮನಸ್ಸು ಕ್ರಿಕೆಟ್ಟಿಗೆ, ಬಾಲ್ ಬ್ಯಾಡ್ಮಿಂಟನ್ನಿಗೆ, ಖೋ ಖೋ ಕಬಡ್ಡಿಗಳಿಗೆ ಒಲಿಯಿತು.

ಬರಿಗಾಲಿನ ಆ ಹುಡುಗರು ಮಾಡಿದ ಸಾಧನೆ ಸಾಮಾನ್ಯವಾದುದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಸೇನಾತಂಡಗಳ ಸೊತ್ತೆನಿಸಿದ್ದ ಆ ಬಹುಮಾನ ಭಾರತೀಯ ನಾಗರಿಕರ ಕೈಸೇರಿದುದು ಅದೇ ಮೊದಲು. ಮರುವರ್ಷವೂ, ಮುಂದೆ 1948ರಲ್ಲಿಯೂ ಅದೇ ತಂಡ ಗೆಲುವನ್ನು ಪಡೆಯಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ದೊರೆತ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಭಾರತ ಆ ಪಂದ್ಯವನ್ನು 1-2ರಿಂದ ಸೋತಿತು. ಅದೇ ತಂಡದಲ್ಲಿದ್ದ, ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಓಡುತ್ತಿದ್ದ ಅಹಮದ್ ಖಾನ್ ಕೂಡ ಇದೇ ಊರಿನವರು.

ಆ ಗೋಲು ಬಿದ್ದು ತಿಂಗಳು ತುಂಬುವುದರೊಳಗೆ, 1948ರ ಆಗಸ್ಟಿನಲ್ಲಿ, ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನು ಇಟ್ಟರು. ಬಡಾವಣೆಗೆ ಅಗಲವಾದ ರಸ್ತೆಗಳು ಬಂದುವು. ಸಾಲುಮರಗಳು, ಉದ್ಯಾನಗಳು, ಅಂಗಡಿ ಸಂಕೀರ್ಣ ಬಂದುವು. ಕಾಲ್ಚೆಂಡು ಮಾತ್ರ ದಂಡಿನ ಕೇರಿಗಳಲ್ಲಿಯೇ ಉಳಿಯಿತು.

ಈಗ ಆ ಗೆರೆ ಮಸುಕಾಗಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಹೊತ್ತ ಬಿ.ಟಿ.ಎಂ. ಬಡಾವಣೆಗೆ ಉದ್ಯೋಗವನ್ನರಸಿ ಕೇರಳ, ಮಣಿಪುರ, ಬಂಗಾಳಗಳ ತರುಣರು ಬಂದಿದ್ದಾರೆ. ಹೆಗಲಚೀಲದಲ್ಲಿ ತಮ್ಮ ಆಟವನ್ನೂ ತಂದಿದ್ದಾರೆ. ಜೆ.ಪಿ. ನಗರ, ಬನಶಂಕರಿಗಳ ಶಾಲಾಬಾಲಕರು ದೂರದರ್ಶನದಲ್ಲಿ ಯೂರೋಪಿನ ಪಂದ್ಯಗಳನ್ನು ಕಂಡು ಬೆಳೆದವರು. ಈ ಇಬ್ಬರೂ ಕಲೆತಲ್ಲಿ ತಂಡವೊಂದು ಹುಟ್ಟುತ್ತದೆ. ತಂಡ ಹುಟ್ಟಿದ ಮೇಲೆ ಅದಕ್ಕೊಂದು ಲೀಗು ಬೇಕೆನಿಸುತ್ತದೆ.

ಸ್ಕಾಟ್ಲೆಂಡಿನಲ್ಲಿ 'ಜೂನಿಯರ್' ಎಂಬ ಒಂದು ವರ್ಗದ ಕಾಲ್ಚೆಂಡಾಟ ಉಂಟು. ಹೆಸರು ಕೇಳಿ ಅದು ಬಾಲಕರ ಆಟವೆಂದು ತಿಳಿಯಬಾರದು. ಗಣಿಗಳ, ಕಾರ್ಖಾನೆಗಳ ಹಳ್ಳಿಗಳಲ್ಲಿ ದುಡಿಯುವ ಪ್ರಾಯದವರು ಶನಿವಾರ ಮಧ್ಯಾಹ್ನ ಆಡುವ ಆಟ ಅದು. ಅದರ ಸಂಸ್ಥೆ 1886ರಲ್ಲಿಯೇ ಸ್ಥಾಪಿತವಾಯಿತು. 2020ರಲ್ಲಿ ಪಶ್ಚಿಮ ಭಾಗದ ತಂಡಗಳು ಹಿರಿಯರ ಶ್ರೇಣಿಯನ್ನು ಸೇರಿದುವಾದರೂ, ಹಳ್ಳಿಗೊಂದು ತಂಡ, ತಂಡಕ್ಕೊಂದು ಮೈದಾನವೆಂಬ ಅಭಿಮಾನ ಅಲ್ಲಿ ಇಂದಿಗೂ ಇದೆ. ಬೆಂಗಳೂರಿನ ಲೀಗಿನ ಕೆಳಮೆಟ್ಟಿಲುಗಳು ಇದಕ್ಕೆ ದೂರದ ನೆಂಟರು. ಮೇಲೆ ಸೂಪರ್ ಡಿವಿಷನ್. ಅದರ ಕೆಳಗೆ ಎ, ಬಿ, ಸಿ ಡಿವಿಷನ್ನುಗಳು. ಗೆದ್ದವರು ಏರುತ್ತಾರೆ, ಸೋತವರು ಇಳಿಯುತ್ತಾರೆ. ಹಿಂದೂಸ್ಥಾನ್ ಏರೋನಾಟಿಕ್ಸ್, ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳೂ ಸೇನೆಯ ತಂಡಗಳೂ ಕೇರಿಯ ಸಂಘಗಳೂ ಆಡಿ ಬೆಳೆಸಿದ ವ್ಯವಸ್ಥೆ ಇದು. ಒಂದೇ ವ್ಯತ್ಯಾಸವೆಂದರೆ, ಇಲ್ಲಿನ ಸಣ್ಣ ತಂಡಕ್ಕೆ ತನ್ನದೆಂಬ ಮೈದಾನವಿರುವುದು ಅಪರೂಪ.

ಆದುದರಿಂದ ದಕ್ಷಿಣದ ಹುಡುಗನಿಗೆ ಲೀಗಿನ ಪಂದ್ಯವೆಂದರೆ ಮೊದಲು ಒಂದು ಪ್ರಯಾಣ. ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಚೀಲವನ್ನು ಹೆಗಲಿಗೇರಿಸುವಾಗ ಬಾಗಿಲಲ್ಲಿ ತಾಯಿ ಕೇಳುತ್ತಾಳೆ:

"ಪರೀಕ್ಷೆ ಹತ್ತಿರ ಬಂತಲ್ಲೋ, ಮತ್ತೆ ಬೂಟು ಯಾಕೋ?"

"ಇವತ್ತೊಂದು ಆಟ, ಅಮ್ಮಾ. ನಾನು ಹೋಗದಿದ್ದರೆ ಹನ್ನೊಂದು ಜನ ಆಗೋದಿಲ್ಲ."

ಜಯನಗರದ ನಿಲ್ದಾಣದಲ್ಲಿ ಅವನು ಹಸಿರು ಮಾರ್ಗದ ಮೆಟ್ರೋ ರೈಲನ್ನು ಹತ್ತುತ್ತಾನೆ. 2017ರಲ್ಲಿ ಈ ಮಾರ್ಗ ತೆರೆದ ಮೇಲೆ ದಾರಿ ಹಗುರವಾಗಿದೆ. ಲಾಲ್‌ಬಾಗಿನ ಹಸುರು ಹಿಂದೆ ಸರಿಯುತ್ತದೆ. ನ್ಯಾಷನಲ್ ಕಾಲೇಜು ಕಳೆದೊಡನೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ಹಳೆಯ ಪೇಟೆ ತಲೆಯ ಮೇಲೆ ಸದ್ದಿಲ್ಲದೆ ಸಾಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು, ನೇರಳೆ ಮಾರ್ಗದ ರೈಲನ್ನು ಹಿಡಿದು, ವಿಧಾನಸೌಧವನ್ನೂ ಕಬ್ಬನ್ ಉದ್ಯಾನವನ್ನೂ ದಾಟಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಹೊರಬರುತ್ತಾನೆ. ಅಲ್ಲಿಂದ ಕಾಲ್ನಡಿಗೆ. ಒಮ್ಮೆ ಎರಡು ಆಡಳಿತಗಳಾಗಿದ್ದ ಊರುಗಳ ನಡುವಣ ಗಡಿಯನ್ನು ಅವನು ಅರಿಯದೆಯೇ ದಾಟಿರುತ್ತಾನೆ.

ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಎತ್ತರದ ಕಟ್ಟಡಗಳ ನಡುವೆ ಅಡಗಿ ಕುಳಿತಂತೆ ತೋರುತ್ತದೆ. ಒಳಗೆ ಸಿಮೆಂಟಿನ ಮೆಟ್ಟಿಲುಗಳು, ನಡುವೆ ಕೃತಕ ಹುಲ್ಲಿನ ಹಾಸು. 2013ರಲ್ಲಿ ಬೆಂಗಳೂರು ಎಫ್.ಸಿ. ತಂಡ ತನ್ನ ಮೊದಲ ಋತುವನ್ನು ಆರಂಭಿಸಿದುದು ಈ ಅಂಗಣದಲ್ಲಿಯೇ. ಆ ಋತುವಿನಲ್ಲಿಯೇ ಅದು ರಾಷ್ಟ್ರೀಯ ಲೀಗಿನ ಪ್ರಶಸ್ತಿಯನ್ನು ಪಡೆಯಿತು. ಆಗ ಮೆಟ್ಟಿಲುಗಳಲ್ಲಿ ಮೊಳಗಿದ ಹಾಡುಗಳು ಕೆಳಡಿವಿಷನ್ನಿನ ಮಧ್ಯಾಹ್ನಗಳಲ್ಲಿ ಕೇಳಿಬರುವುದಿಲ್ಲ. ಕೆಲಸದ ದಿನ, ಪ್ರೇಕ್ಷಕರು ಬೆರಳೆಣಿಕೆಯವರು. ಆದರೆ ಬಂದವರು ಆಟವನ್ನು ಬಲ್ಲವರು. ಕೇರಿಯ ಹಿರಿಯನೊಬ್ಬ ಕೊಡೆಯನ್ನು ಊರಿಕೊಂಡು ಕುಳಿತು, ಎರಡೂ ತಂಡಗಳ ತಪ್ಪನ್ನು ಸಮಭಾವದಿಂದ ಬಯ್ಯುತ್ತಾನೆ. ಅವನ ಬಾಯಿಂದ ಒಮ್ಮೆ "ಭೇಷ್" ಎನಿಸಿಕೊಂಡ ಹುಡುಗ ಅಂದು ಮನೆಗೆ ತೇಲಿಕೊಂಡು ಹೋಗುತ್ತಾನೆ.

ಋತುವೊಂದರ ಕಥೆ ಅಂಕಪಟ್ಟಿಯಲ್ಲಿ ಅಡಗಿರುತ್ತದೆ. ಗೆಲುವಿಗೆ 3 ಅಂಕ, ಸಮಬಲಕ್ಕೆ 1, ಸೋಲಿಗೆ ಸೊನ್ನೆ. ಆದರೆ ಸಣ್ಣ ತಂಡದ ನಿಜವಾದ ಹೋರಾಟ ಅಂಕಗಳದ್ದಲ್ಲ, ಜನಗಳದ್ದು. ನಿಯಮದಂತೆ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯವನ್ನು ಆರಂಭಿಸುವಂತಿಲ್ಲ. ಮೊದಲ ಪಂದ್ಯಕ್ಕೆ ಹದಿನೆಂಟು ಮಂದಿ ಬರುತ್ತಾರೆ. ನಡುಋತುವಿನಲ್ಲಿ ಒಬ್ಬನಿಗೆ ಪರೀಕ್ಷೆ, ಒಬ್ಬನಿಗೆ ರಾತ್ರಿಪಾಳಿ, ಒಬ್ಬನ ಮೊಣಕಾಲಿಗೆ ಪಟ್ಟಿ. ಕಂಪನಿಯಲ್ಲಿ ರಜೆ ದೊರೆಯದ ಗೋಲುಕೀಪರನಿಗಾಗಿ ಬೆಳಗಿನಿಂದ ದೂರವಾಣಿಗಳು ಓಡಾಡುತ್ತವೆ. ಸೂಪರ್ ಡಿವಿಷನ್ನಿನ ತಂಡಗಳಿಗೆ ತರಬೇತುದಾರರುಂಟು, ವೈದ್ಯರುಂಟು. ಇಲ್ಲಿ ತಂಡವನ್ನು ಕಟ್ಟಿದ ಅಣ್ಣನೊಬ್ಬನೇ ತರಬೇತುದಾರ, ವೈದ್ಯ, ಖಜಾಂಚಿ. ನೀರಿನ ಡಬ್ಬ ಹೊರುವವನೂ ಅವನೇ.

ಮಕ್ಕಳ ಆಟದಲ್ಲಿ ಚಿಕ್ಕವನನ್ನು ಸಮಾಧಾನಪಡಿಸಲು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುವುದುಂಟು. ನಗರವೂ ಈ ತಂಡಗಳನ್ನು ಹಾಗೆಯೇ ಸೇರಿಸಿಕೊಂಡಿದೆ. ಆದರೆ ಋತುವಿನ ಕೊನೆಯ ವಾರದಲ್ಲಿ ಲೆಕ್ಕ ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಕಡೆಯ ಪಂದ್ಯದಲ್ಲಿ ಒಂದು ಅಂಕ ದೊರೆತರೆ ತಂಡ ಡಿವಿಷನ್ನಿನಲ್ಲಿ ಉಳಿಯುತ್ತದೆ; ಇಲ್ಲವಾದರೆ ಇಳಿಯುತ್ತದೆ. ಇಳಿದ ತಂಡದ ಒಳ್ಳೆಯ ಆಟಗಾರರನ್ನು ಬೇರೆಯವರು ಕರೆಯುತ್ತಾರೆ. ಉಳಿದವರು ಉದ್ಯೋಗ, ಮದುವೆಗಳೆಂದು ಚದುರುತ್ತಾರೆ. ಐದಾರು ವರ್ಷಗಳ ಬೆಳಗಿನ ಅಭ್ಯಾಸ ಒಂದು ಸಾಯಂಕಾಲದಲ್ಲಿ ಕರಗಿಹೋಗುವುದುಂಟು.

ಅಭ್ಯಾಸಕ್ಕೆ ನೆಲವೆಲ್ಲಿ ಎಂಬುದು ಅದಕ್ಕೂ ದೊಡ್ಡ ಪ್ರಶ್ನೆ. ಅಂತರರಾಷ್ಟ್ರೀಯ ಅಳತೆಯ ಕಾಲ್ಚೆಂಡಿನ ಅಂಗಣಕ್ಕೆ ಕನಿಷ್ಠ 100 ಮೀಟರು ಉದ್ದ, 64 ಮೀಟರು ಅಗಲದ ಬಯಲು ಬೇಕು. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಬಲೆ ಕಟ್ಟಿ, ಕೃತಕ ಹುಲ್ಲು ಹಾಸಿ, ಗಂಟೆಗಿಷ್ಟೆಂದು ಬಾಡಿಗೆ ಪಡೆಯುವ ಪುಟ್ಟ ಅಂಗಣಗಳು ಹೆಚ್ಚಿವೆ. ಕೆಲವು ಕಟ್ಟಡಗಳ ತಾರಸಿಯನ್ನೂ ಏರಿವೆ. ಐದೈದು ಮಂದಿಯ ಆಟಕ್ಕೆ ಅವು ಸೊಗಸು. ಚುರುಕಾದ ಕಾಲನ್ನು ಅವು ಕಲಿಸುತ್ತವೆ. ಆದರೆ ಬಯಲಿನ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಚೆಂಡನ್ನು ಕಳುಹಿಸುವ ಕಣ್ಣು ಅಲ್ಲಿ ಬೆಳೆಯಲಾರದು. ಹಣವಿಲ್ಲದ ಹುಡುಗನಿಗೆ ಆ ಬಲೆಯ ಬಾಗಿಲೂ ತೆರೆಯದು. ಅವನ ಪಾಲಿಗೆ ಉಳಿದಿರುವುದು ಶಾಲಿನಿ ಮೈದಾನದಂಥ ಬಯಲಿನ ಅಂಚು. ಅದೂ ಹೋದರೆ ದಕ್ಷಿಣದ ತಂಡ ಯಾವ ಡಿವಿಷನ್ನಿನಲ್ಲಿಯೂ ಇರಲಾರದು.

ಬಯಲಿನಿಂದ ಬರುವ ಫಲ ತಡವಾಗಿಯಾದರೂ ಬರುತ್ತದೆಂಬುದಕ್ಕೆ ಸಾಕ್ಷಿಯಿಲ್ಲದಿಲ್ಲ. ಮೈಸೂರು ರಾಜ್ಯವಾಗಿದ್ದಾಗ ನಾಲ್ಕು ಬಾರಿ ಗೆದ್ದಿದ್ದ ಸಂತೋಷ್ ಟ್ರೋಫಿ, 54 ವರ್ಷಗಳ ಕಾಲ ಕೈಗೆ ಸಿಗದೆ, 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕದ ಪಾಲಾಯಿತು.

ಋತು ಮುಗಿದ ಮರುಭಾನುವಾರ ಶಾಲಿನಿ ಮೈದಾನದಲ್ಲಿ ಕ್ರಿಕೆಟ್ ಎಂದಿನಂತೆ ಸಾಗಿರುತ್ತದೆ. ಅಂಚಿನಲ್ಲಿ ಚಪ್ಪಲಿಗಳ ಗೋಲುಕಂಬ ಮತ್ತೆ ಎದ್ದಿರುತ್ತದೆ. ಲೀಗಿನಲ್ಲಿ ಆಡಿಬಂದ ಹುಡುಗ ಈಗ ಚಿಕ್ಕವರ ನಡುವೆ ನಿಂತಿದ್ದಾನೆ. ಆರು ವರ್ಷದ ಪೋರನೊಬ್ಬ ಬಂದು ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅಂಗಿಯನ್ನು ಜಗ್ಗುತ್ತಾನೆ. ಅವನು ಎರಡೂ ಕಡೆಯವರನ್ನು ಎಣಿಸಿ ನೋಡುತ್ತಾನೆ. ಒಂದು ಕಡೆ ಒಬ್ಬ ಕಡಿಮೆ.

"ಬಾರೋ, ಆ ಕಡೆ ನಿಂತ್ಕೋ. ನೀನು ಲೆಕ್ಕಕ್ಕೂ ಉಂಟು."