ಕೆಟ್ಟಾಗಲೇ ಹಿಡೀಬೇಕು

ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಗೊತ್ತಿರೋ ಒಂದು ಕಾಟ ಇದೆ. ಗ್ರಾಹಕರ ಹತ್ತಿರ ಪ್ರೋಗ್ರಾಂ ಕೈಕೊಡುತ್ತೆ, ನಮ್ಮ ಮಷೀನಿನಲ್ಲಿ ನೆಟ್ಟಗಿರುತ್ತೆ. ಅಪ್ಪನ ಪ್ರೀಮಿಯರ್ ಪದ್ಮಿನಿಗೂ ಇದೇ ಕಾಯಿಲೆ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಾದು ಕಾದು ದಿಢೀರ್ ಅಂತ ಆಫ್. 10 ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಗ್ಯಾರೇಜು ತಲುಪೋಷ್ಟರಲ್ಲಿ ಗಾಡಿ ಸಾಚಾ.

ಹಳೇ ಫಿಯಟ್ ಇಟ್ಟವರು ಇದಕ್ಕೊಂದು ಮದ್ದು ಹೇಳ್ತಾರೆ: ಎಂಜಿನ್ ಪಕ್ಕದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಕಾರ್ಬುರೇಟರಿಗೆ ಹೋಗಲ್ಲ; ವೇಪರ್ ಲಾಕ್ ಅಂತಾರೆ. ಅಪ್ಪ ಬಟ್ಟೆ ಹಾಕಿದಾಗಲೆಲ್ಲ ಗಾಡಿ ಸ್ಟಾರ್ಟ್ ಆಗಿದ್ದೂ ನಿಜ. ಆದರೆ ಅಷ್ಟರಲ್ಲಿ 10 ನಿಮಿಷ ಕಳೆದಿರ್ತಿತ್ತು. ಗುಣ ಮಾಡಿದ್ದು ಬಟ್ಟೆಯೋ, ಹೊತ್ತೋ?

ಈ ಗಾಡಿಗೆ ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿತ್ತು. ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಸ್ವಿಚ್ಚು. ಅದು ತೆರೆದಾಗ ಕಾಯಿಲಿನ ಕರೆಂಟು ಕಡಿದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಈಗ ಆ ಕೆಲಸ ಮಾಡ್ಯೂಲಿನೊಳಗಿನ ಟ್ರಾನ್ಸಿಸ್ಟರಿನದು. ಪಾಯಿಂಟಿನ ಹಾಗೆ ಸವೆಯಲ್ಲ, ಆದರೆ ಅತಿಯಾದ ಬಿಸಿ ತಡೆಯಲ್ಲ.

ಅಮ್ಮ "ಇನ್ನು ಆ ಗಾಡೀಲಿ ಕೂರಲ್ಲ" ಅಂದುಬಿಟ್ಟರು. "ಮಾರಿಬಿಡೋಣ" ಅಂದ ಅಪ್ಪ, ಎದ್ದು ಹೋಗಿ ಗಾಡಿ ಒರೆಸೋಕೆ ಶುರುಮಾಡಿದರು.

ಭಾನುವಾರ ಮಧ್ಯಾಹ್ನ, ಕೆಡಲಿ ಅಂತಲೇ ಹೊರಟೆವು. ಕೆಟ್ಟಿತು. ಪ್ಲಗ್ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಮೈ ಎಂಜಿನ್ನಿಗೆ ತಾಗೋ ಹಾಗೆ ಇಟ್ಟೆ. ಕೈಯಲ್ಲಿ ಮಾತ್ರ ಹಿಡೀಬೇಡಿ, ಸಾವಿರಾರು ವೋಲ್ಟ್ ಇರುತ್ತೆ. ಅಪ್ಪ ಸೆಲ್ಫ್ ಹೊಡೆದರು. ಕಿಡಿ ಇಲ್ಲ. ಅಲ್ಲಿಗೆ ಪೆಟ್ರೋಲು ನಿರಪರಾಧಿ. ಟೆಸ್ಟ್ ಲ್ಯಾಂಪನ್ನ ಕಾಯಿಲಿನ ಪ್ಲಸ್ಸಿಗೆ ಇಟ್ಟೆ, ಉರೀತು. 12 ವೋಲ್ಟ್ ಬರ್ತಿದೆ. ಮೈನಸ್ಸಿಗೆ ಇಟ್ಟು ಸೆಲ್ಫ್ ಹೊಡೆದರೆ ಮಿಣುಕಬೇಕಿತ್ತು. ಒಂದೇ ಸಮ ಉರೀತಾ ನಿಂತಿತು. ಅಂದರೆ ಕರೆಂಟು ಹರಿಸಿ ಕಡಿಯೋರೇ ಇಲ್ಲ. ಕೀ ಆಫ್ ಮಾಡಿ, ಅಪ್ಪನ ಬಟ್ಟೆಯನ್ನೇ ಚೆನ್ನಾಗಿ ಹಿಂಡಿ ಮಾಡ್ಯೂಲಿನ ಮೇಲಿಟ್ಟೆ. ಎರಡೇ ನಿಮಿಷಕ್ಕೆ ಕಿಡಿ ಬಂತು.

ಬಿಚ್ಚಿದರೆ, ಅದನ್ನ ಪೇಂಟಿನ ಮೇಲೇ ಸ್ಕ್ರೂ ಮಾಡಿದ್ದರು, ಅದೂ ಸೈಲೆನ್ಸರ್ ಪೈಪಿನ ಶಾಖ ಬಡಿಯೋ ಕಡೆ. ಹೊಸ ಮಾಡ್ಯೂಲನ್ನ ದೂರಕ್ಕೆ ಸರಿಸಿ, ಪೇಂಟ್ ಕೆರೆದು, ತಳಕ್ಕೆ ತೆಳುವಾಗಿ ಹೀಟ್‌ಸಿಂಕ್ ಪೇಸ್ಟ್ ಸವರಿ, ಅರ್ತ್ ವೈರ್ ಬೇರೆ ಎಳೆದೆವು.

ಆಗಾಗ ಕೆಡೋ ಗಾಡಿಯನ್ನ, ಸರಿಯಿದ್ದಾಗ ಎಷ್ಟು ತಪಾಸಣೆ ಮಾಡಿದರೂ ಅಷ್ಟೇ. ಅದು ಸತ್ಯ ಹೇಳೋದು ಕೆಟ್ಟು ನಿಂತ ಆ 10 ನಿಮಿಷದಲ್ಲಿ ಮಾತ್ರ. ಡಿಕ್ಕೀಲಿ ಒಂದು ಟೆಸ್ಟ್ ಲ್ಯಾಂಪು, ಒಂದು ಹಳೇ ಪ್ಲಗ್ಗು ಇರಲಿ. ಬಟ್ಟೆನೂ ಇರಲಿ.