ಏಳನೇ ವುಡ್ಡೋ, ಮೂರನೇ ಐರನ್ನೋ?

ರೋಣ, ನರಗುಂದದ ಕಡೆ ಎರಿ ಹೊಲದಾಗ ಬೆಳೆದ ನನಗ ಗಾಲ್ಫ್ ಸಿಕ್ಕಿದ್ದು ಬೆಂಗಳೂರಿನ ನೌಕರಿಯೊಳಗ. ತೆಳು ತಲೆಯ ಮೂರನೇ ಐರನ್ ಹಿಡಿದವನೇ ಖರೇ ಆಟಗಾರ ಅನ್ನೋ ಜಂಬ ಅಲ್ಲಿ ಇನ್ನೂ ಐತಿ. ಆದರೆ ದಪ್ಪ ತಲೆಯ ಏಳನೇ ವುಡ್‌ನ ಓರೆಯೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 21 ಡಿಗ್ರಿ. ಅದರ ತೂಕ ತಳದಲ್ಲಿ, ಹಿಂದಕ್ಕೆ ಇರುವುದರಿಂದ ಚೆಂಡು ಸಲೀಸಾಗಿ ಮೇಲೇರಿ, ಗ್ರೀನ್ ಮೇಲೆ ಮೆತ್ತಗೆ ಇಳಿಯುತ್ತದೆ. ಗಜೇಂದ್ರಗಡದ ಗುಡ್ಡದಂಥ ಎದುರುಗಾಳಿ ಇದ್ದರೆ ಕೆಳಗೆ ಹಾರುವ ಐರನ್ನೇ ಮೇಲು, ಅದೂ ನಟ್ಟನಡುವೆ ತಾಗಿದರೆ!

ಬೆಂಗಳೂರಿನ ಅದಿತಿ ಅಶೋಕ್ ಬಹಳ ದೂರ ಹೊಡೆಯುವವರಲ್ಲ. ವುಡ್, ಹೈಬ್ರಿಡ್‌ಗಳನ್ನು ನೆಚ್ಚಿಕೊಂಡೇ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ನಮ್ಮೂರಾಗ ಹೊಲದ ಹದ ನೋಡಿ ಕುಂಟಿ ಹೊಡೀತಾರ, ಮಂದಿ ಮಾರಿ ನೋಡಿ ಅಲ್ಲ. ನನ್ನ ಚೀಲದಾಗ ಏಳನೇ ವುಡ್ ಐತಿ. ನಿಮ್ಮ ಚೀಲದಾಗ?